ಹಡದ ಹೊಟ್ಟಿಗೆ ಸೀರಿ ಕಟ್ಟಿದ್ರ ಸಾಕೇನ್ರಿ?

ಹಡದ ಮ್ಯಾಲೆ ಹೊಟ್ಟಿ ಜೋತು ಬಿದ್ದೈತೇನ್ರಿ ಅಕ್ಕಾರ? ನಮ್ಮ ಕಟಕೋಳ ಕಡೆ ಹಿರ್‍ಯಾರು ಹೇಳೂದು ಒಂದ: ಹಳೇ ಸೀರಿ ಹರದು ಹೊಟ್ಟಿ ಬಿಗದು ಕಟ್ಟು.

ಕಟ್ಟಿದ್ರ ನಡಕ್ಕ ಆಸರ ಸಿಗತೈತಿ, ಖರೆ. ಆದ್ರ ಬಟ್ಟಿ ಕೊಬ್ಬು ಕರಗಸೂದಿಲ್ಲ, ಸ್ನಾಯು ಗಟ್ಟಿ ಮಾಡೂದಿಲ್ಲ.

ಗರ್ಭಚೀಲ ಮೊದಲಿನಂಗ ಸಣ್ಣಾಗಾಕ ಸುಮಾರು 6 ವಾರ ಬೇಕು. ಬಸಿರಿನಾಗ ಹೊಟ್ಟಿ ನಡುವಿನ ಎರಡು ಉದ್ದನ ಸ್ನಾಯು ದೂರ ಸರದಿರತಾವು. ಈಗ ನೋಡ್ರಿ: ಅಂಗಾತ ಮಲಗಿ, ಮೊಣಕಾಲು ಮಡಚಿ, ತಲಿ ಸ್ವಲ್ಪ ಎತ್ತಿ, ಹೊಕ್ಕಳದ ಮ್ಯಾಲೆ ಬೆರಳು ಅಡ್ಡ ಇಟ್ಟು ಮೆಲ್ಲಕ ಒತ್ರಿ. ಸಂದಿ ಎಷ್ಟು ಬೆರಳು ಅಗಲ ಐತಿ ಗೊತ್ತಾಗತೈತಿ.

ಈ ಸ್ನಾಯು ಗಟ್ಟಿ ಆಗಾಕ ಮಲಗಿದಲ್ಲೆ ಉಸಿರು ಬಿಡ್ತಾ ಹೊಕ್ಕಳ ಒಳಗ ಎಳಕೊಂಡು, ಐದು ಎಣಿಸಿ ಬಿಡ್ರಿ. ಆಮ್ಯಾಲೆ ನಡಿಗಿ. ಸಿಜೇರಿಯನ್ ಆಗಿದ್ರ ಡಾಕ್ಟರ್ ಹೂಂ ಅಂದ ಮ್ಯಾಲೇನ. ತುಂಬಿದ ಕೊಡ ಎತ್ತೂದು ಈಗ ಬ್ಯಾಡ.

ಅಂಟಿನುಂಡಿ? ತಿನ್ರಿ, ಆದ್ರ ಅತ್ತಿ ಕೊಟ್ಟಷ್ಟೂ ಅಲ್ಲ! ಹಾಲುಣಿಸೂವಾಗ ಉಪವಾಸ ಮಾತ್ರ ಮಾಡಬ್ಯಾಡ್ರಿ.

ಎರಡು ತಿಂಗಳಾದ್ರೂ ಸಂದಿ ಎರಡು ಬೆರಳಿಗಿಂತ ಹೆಚ್ಚಿದ್ರ, ಹೊಕ್ಕಳ ಉಬ್ಬಿದ್ರ, ನಾಚಬ್ಯಾಡ್ರಿ. ಊರಿನ ಆಶಾ ಅಕ್ಕಾರನ್ನ ಕೇಳ್ರಿ, ರಾಮದುರ್ಗದ ತಾಲೂಕು ಆಸ್ಪತ್ರೆಗೆ ಹೋಗಿ ತೋರಸ್ರಿ.