ಟೈರು ಕಪ್ಪಗಿರುವುದೇಕೆ?

ಶೀಳನೆರೆಯ ಹಾದಿಯಲ್ಲಿ ಕಬ್ಬು ಹೇರಿಕೊಂಡು ಬರುವ ಟೈರುಗಾಡಿಯನ್ನು ನಾವು ಕಂಡಿದ್ದೇವೆ. ಅದರ ಟೈರು ಕಪ್ಪಗಿರುವುದೇಕೆ? ರಬ್ಬರಿನ ಹಾಲು ಬೆಳ್ಳಗಿರುವುದಷ್ಟೆ. ಮೊದಮೊದಲಿನ ಟೈರುಗಳೂ ಮಾಸಲು ಬಿಳುಪಾಗಿಯೇ ಇದ್ದುವು.

ರಬ್ಬರೆಂಬುದು ಸಿಕ್ಕುಬಿದ್ದ ನೂಲಿನಂತಹ ಅಣುಸರಪಳಿಗಳ ಗೋಜಲು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರನು ಅದನ್ನು ಗಂಧಕದೊಡನೆ ಕಾಯಿಸಿದಾಗ ಸರಪಳಿಗಳ ನಡುವೆ ಅಲ್ಲಲ್ಲಿ ಬೆಸುಗೆ ಬಿದ್ದು, ಹಿಗ್ಗಿ ಕುಗ್ಗುವ ಗುಣವು ನೆಲೆಗೊಂಡಿತು. ಆದರೂ ರಸ್ತೆಯ ಉಜ್ಜಾಟಕ್ಕೆ ಅದು ಬೇಗನೆ ಸವೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನುಣ್ಣನೆಯ ಮಸಿಯನ್ನು, ಎಂದರೆ ಇಂಗಾಲದ ಪುಡಿಯನ್ನು, ಬೆರೆಸತೊಡಗಿದ ಮೇಲೆ ಅದರ ಬಾಳಿಕೆ ಬಹುಮಟ್ಟಿಗೆ ಹೆಚ್ಚಿತು. ಕೆಲವು ಹತ್ತು ನ್ಯಾನೊಮೀಟರು ಗಾತ್ರದ ಈ ಕಣಗಳಿಗೆ ಸರಪಳಿಗಳು ಅಂಟಿಕೊಂಡು, ಬಿರುಕು ಹರಡದಂತೆ ತಡೆಯುತ್ತವೆ. ಬಣ್ಣವು ಅದರ ಜೊತೆಯಲ್ಲಿ ಬಂದುದು, ಅಷ್ಟೆ.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಉಂಟು. ಉರುಳುವ ಟೈರು ಪ್ರತಿ ಸುತ್ತಿನಲ್ಲಿಯೂ ಅಮುಕಿ ಮತ್ತೆ ಉಬ್ಬುತ್ತದೆ. ಮಸಿಕಣಗಳ ಪರಸ್ಪರ ಹಿಡಿತವು ಕಳಚಿ ಕೂಡುವಾಗ ಶಕ್ತಿಯ ಒಂದು ಭಾಗ ಶಾಖವಾಗಿ ವ್ಯಯವಾಗುತ್ತದೆ. ಎತ್ತಿನ ನಡಿಗೆಗೆ ಇದು ಲೆಕ್ಕಕ್ಕಿಲ್ಲ. ಆದರೆ ಗಾಳಿ ಕಡಮೆಯಿರುವ, ಹೊರೆ ಮೀರಿದ ಲಾರಿಯು ವೇಗವಾಗಿ ಓಡಿದರೆ ಆ ಶಾಖವೇ ಟೈರನ್ನು ಸಿಡಿಸಬಲ್ಲದು.

ಮೈಸೂರಿನ ಹರಿಶಂಕರ ಸಿಂಘಾನಿಯಾ ಇಲಾಸ್ಟೊಮರ್ ಮತ್ತು ಟೈರು ಸಂಶೋಧನ ಸಂಸ್ಥೆಯಂತಹ ಕಡೆಗಳಲ್ಲಿ ರಬ್ಬರಿನ ಮಿಶ್ರಣಗಳ ಪರೀಕ್ಷೆಯೇ ಕಸುಬು. 1990ರ ದಶಕದಿಂದ ಕಾರಿನ ಟೈರುಗಳಲ್ಲಿ ಮಸಿಯ ಬಹುಪಾಲಿಗೆ ಬದಲಾಗಿ ಸಿಲಿಕವನ್ನು ಬೆರೆಸಿ ಶಾಖನಷ್ಟವನ್ನು ತಗ್ಗಿಸಿದ್ದಾರೆ. ಸಿಲಿಕಕ್ಕೂ ರಬ್ಬರಿಗೂ ಸಹಜವಾಗಿ ಒಗ್ಗದು. ಸಿಲೇನ್ ಎಂಬ ರಾಸಾಯನಿಕವು ನಡುವೆ ನಿಂತು ಎರಡನ್ನೂ ಬೆಸೆಯಬೇಕು.