ಮೊಸರಿನ ಬ್ಯಾಕ್ಟೀರಿಯಾ ಮತ್ತು ರೋಗನಿರೋಧಕ ಶಕ್ತಿ: ತಂಬುಳಿಗೂ ಮಜ್ಜಿಗೆಹುಳಿಗೂ ಇರುವ ವ್ಯತ್ಯಾಸ

ಕರಾವಳಿಯಿಂದ ಆಗುಂಬೆ ಘಾಟಿ ಹತ್ತಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆಗೆ ಹೋದರೆ ಮೊಸರು, ಮಜ್ಜಿಗೆ ಇಲ್ಲದ ಊಟ ಅಪರೂಪ. ಒಂದೆಲಗದ ತಂಬುಳಿ, ಸೌತೆಕಾಯಿ ಮಜ್ಜಿಗೆಹುಳಿ, ಕೊನೆಗೆ ಒಂದು ಲೋಟ ಮಜ್ಜಿಗೆ – ಮೂರಕ್ಕೂ ಮೂಲ ಮನೆಯಲ್ಲಿ ಹೆಪ್ಪು ಹಾಕಿದ ಮೊಸರೇ. ಮೊಸರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ಆದರೆ ಅದು ಕರುಳನ್ನು ಜೀವಂತವಾಗಿ ತಲಪುತ್ತದೆಯೇ? ಅದನ್ನು ಹೊತ್ತೊಯ್ಯುವ ಆಹಾರ ಯಾವುದು ಎಂಬುದರ ಮೇಲೆ ಇದು ಬಹಳಷ್ಟು ನಿಂತಿದೆ.

ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಲಾಭ ನೀಡುವ ಜೀವಂತ ಸೂಕ್ಷ್ಮಾಣುಗಳೇ ‘ಪ್ರೋಬಯಾಟಿಕ್’ ಎಂದು 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಹೇಳಿದರು. ಇಲ್ಲಿ ‘ಜೀವಂತ’ ಎಂಬುದೇ ಮುಖ್ಯ ಪದ. ನಮ್ಮ ರೋಗನಿರೋಧಕ ಕೋಶಗಳಲ್ಲಿ ದೊಡ್ಡ ಪಾಲು ಕರುಳಿನ ಗೋಡೆಯಲ್ಲಿದೆ. ಬ್ಯಾಕ್ಟೀರಿಯಾ ಅಲ್ಲಿಗೆ ತಲಪುವ ಮೊದಲು ಜಠರದ ಕಟು ಆಮ್ಲವನ್ನೂ ಪಿತ್ತರಸವನ್ನೂ ದಾಟಬೇಕು. ಬರಿ ನೀರಿನಲ್ಲಿ ಹೋದರೆ ಅನೇಕವು ದಾರಿಯಲ್ಲೇ ಸಾಯುತ್ತವೆ. ಹಾಲು, ಮೊಸರಿನ ಪ್ರೋಟೀನು ಆಮ್ಲದ ಕಟುತ್ವವನ್ನು ತಗ್ಗಿಸಿ ಅವಕ್ಕೆ ರಕ್ಷಣೆ ಕೊಡುತ್ತದೆ.

ಆಹಾರದ ಪಾತ್ರ ಅಷ್ಟಕ್ಕೇ ಮುಗಿಯುವುದಿಲ್ಲ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರುಳಿನ ಉರಿಯೂತವಿದ್ದ ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಕೇಸಿಯೈ ಎಂಬ ಬ್ಯಾಕ್ಟೀರಿಯಾ ಕೊಟ್ಟಿದ್ದರು. ಹಾಲಿನೊಂದಿಗೆ ಕೊಟ್ಟಾಗ ಉರಿಯೂತ ತಗ್ಗಿತು. ಅದೇ ಬ್ಯಾಕ್ಟೀರಿಯಾವನ್ನು ಹಾಲಿಲ್ಲದ ದ್ರಾವಣದಲ್ಲಿ ಕೊಟ್ಟಾಗ ಆ ಫಲ ಸಿಗಲಿಲ್ಲ. ಹಾಲಿನಲ್ಲಿದ್ದಾಗ ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನುಗಳಿಗೂ ಇದರಲ್ಲಿ ಪಾತ್ರವಿತ್ತು. ಇದು ಇಲಿಗಳ ಮೇಲಿನ ಪ್ರಯೋಗ. ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ವಾಹನ ಬದಲಾದರೆ ಫಲವೂ ಬದಲಾಗಬಹುದು ಎಂಬುದನ್ನು ತೋರಿಸಿತು.

ಈಗ ಮಲೆನಾಡಿನ ಅಡುಗೆಮನೆಗೆ ಬರೋಣ. ತಂಬುಳಿಗೆ ಸೊಪ್ಪನ್ನು ಹುರಿದರೂ, ಅರೆದ ಮೇಲೆ ಮೊಸರು ಬೆರೆಸಿ ಮತ್ತೆ ಕುದಿಸುವುದಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾ ಜೀವಂತ ಉಳಿಯುತ್ತವೆ. ಮಜ್ಜಿಗೆಹುಳಿ ಒಲೆಯ ಮೇಲೆ ಕುದಿಯುತ್ತದೆ. ಅಲ್ಲಿ ಅವು ಸಾಯುತ್ತವೆ. ಇಡ್ಲಿ, ದೋಸೆಯ ಹಿಟ್ಟು ಹುಳಿ ಬಂದದ್ದೇ, ಆದರೆ ಬೇಯುವಾಗ ಅದೇ ಗತಿ. ಹಾಗೆಂದು ಇವನ್ನು ಬಿಡಬೇಕಾಗಿಲ್ಲ. ಹುದುಗುವಿಕೆಯಿಂದ ಬಂದ ರುಚಿ, ಸುಲಭ ಜೀರ್ಣತೆ ಉಳಿದೇ ಇರುತ್ತವೆ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮಾತ್ರ ಬಿಸಿ ಮಾಡದ ಮೊಸರು, ಮಜ್ಜಿಗೆ, ತಂಬುಳಿಯನ್ನೇ ನಂಬಬೇಕು. ಅನ್ನಕ್ಕೆ ಮೊಸರು ಕಲಸುವಾಗಲೂ ಅನ್ನದ ಬಿಸಿ ಆರಿರಲಿ.

ಸರಿಯಾದ ರೀತಿಯಲ್ಲಿ ಕೊಟ್ಟರೆ ಲಾಭ ಎಷ್ಟಾಗಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ಆರೋಗ್ಯವಂತ ನವಜಾತ ಶಿಶುಗಳನ್ನು ಒಳಗೊಂಡು ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಬ್ಯಾಕ್ಟೀರಿಯಾವನ್ನು, ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯೊಂದಿಗೆ, ಏಳು ದಿನ ಕೊಡಲಾಯಿತು. ನಂಜು ಅಥವಾ ಸಾವಿಗೆ ತುತ್ತಾದ ಶಿಶುಗಳ ಪ್ರಮಾಣ ಶೇ. 9ರಿಂದ 5.4ಕ್ಕೆ ಇಳಿಯಿತು. ಆದರೆ ಇದು ಆಯ್ದ ತಳಿಯ, ವೈದ್ಯರ ನಿಗಾದಲ್ಲಿ ಕೊಟ್ಟ ಔಷಧಿಯಂಥ ಪ್ರಯೋಗ. ಮನೆಯ ಹೆಪ್ಪಿನಲ್ಲಿರುವ ತಳಿಗಳು ಬೇರೆ. ಅದೇ ಫಲವನ್ನು ಅವುಗಳಿಂದ ನಿರೀಕ್ಷಿಸಲಾಗದು. ಎಳೆಗೂಸಿಗೆ ತಾಯಿಯ ಹಾಲೇ ಸಾಕು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ, ಕಿಮೋಥೆರಪಿಯಲ್ಲಿರುವವರಿಗೂ ಪ್ರೋಬಯಾಟಿಕ್ ಪುಡಿ, ಮಾತ್ರೆಗಳಿಂದ ಅಪಾಯವಾಗಬಹುದು. ವೈದ್ಯರನ್ನು ಕೇಳದೆ ಕೊಡಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಮೂರು ತಾಲೂಕುಗಳ ಕಾಡಂಚಿನ ಜನರನ್ನು ಮಂಗನಕಾಯಿಲೆ ಕಾಡುತ್ತಿದೆ. 2024ರಲ್ಲೂ ಇಲ್ಲಿ ಜೀವಹಾನಿಯಾಯಿತು. ಮಜ್ಜಿಗೆ ಕುಡಿದು ‘ಶಕ್ತಿ’ ಬೆಳೆಸಿಕೊಂಡರೆ ಈ ರೋಗ ತಗಲದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಣುಗು ಕಚ್ಚದಂತೆ ಮೈತುಂಬ ಬಟ್ಟೆ ಧರಿಸುವುದು, ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಳ್ಳುವುದು, ಜ್ವರ ಬಂದೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸುವುದು – ಇವೇ ಮುನ್ನೆಚ್ಚರಿಕೆ.

ಮೊಸರು ದಿನನಿತ್ಯದ ಒಳ್ಳೆಯ ಆಹಾರ. ಅದನ್ನು ಕುದಿಸದೆ, ತಾಜಾ ಆಗಿ, ಮಿತವಾಗಿ, ಪ್ರತಿದಿನ ಸೇವಿಸೋಣ. ಔಷಧಿಯ ಕೆಲಸವನ್ನು ಔಷಧಿಗೇ ಬಿಡೋಣ.