ವೇಗ ಇದ್ರೂ ರೆಕ್ಕೆ ಕೈಕೊಡೋದು ಯಾಕೆ?

ವಿಮಾನ ‘ಸ್ಟಾಲ್’ ಆಗೋದು ಅಂದ್ರೆ ಏನು ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: “ವೇಗ ಕಮ್ಮಿ ಆಗೋದು.” ಇದು ಅರ್ಧ ಮಾತ್ರ ಸರಿ. ಅಸಲಿ ಕಾರಣ ಕೋನ. ರೆಕ್ಕೆಗೂ ಎದುರಿಂದ ಬರುವ ಗಾಳಿಗೂ ನಡುವೆ ಇರುವ ಈ ಕೋನಕ್ಕೆ ಆಂಗಲ್ ಆಫ್ ಅಟ್ಯಾಕ್ ಅಂತಾರೆ. ಸಾಮಾನ್ಯ ಸಣ್ಣ ವಿಮಾನದಲ್ಲಿ ಅದು ಸುಮಾರು 15ರಿಂದ 18 ಡಿಗ್ರಿ ದಾಟಿದರೆ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಹೋಗುತ್ತದೆ. ಲಿಫ್ಟ್ ಕುಸಿಯುತ್ತದೆ.

ಹಾಗಾದ್ರೆ ವೇಗದ ಮೀಟರ್ ಸಾಲದಾ? ಒಂದು ಲೆಕ್ಕ ಹಾಕೋಣ. ನೇರ ಹಾರುವಾಗ 50 ನಾಟ್‌ಗೆ ಸ್ಟಾಲ್ ಆಗುವ ವಿಮಾನ ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗಿದರೆ ಸುಮಾರು 60 ನಾಟ್‌ಗೇ ಸ್ಟಾಲ್ ಆಗುತ್ತದೆ. 60 ಡಿಗ್ರಿ ವಾಲಿದರೆ 71ಕ್ಕೆ. ಮೀಟರ್ ಮೇಲಿನ ಗುರುತು ಮಾತ್ರ 50ರಲ್ಲೇ ಕೂತಿರುತ್ತೆ! ರನ್‌ವೇಗೆ ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ಪೈಲಟ್ ಇನ್ನೂ ಸ್ವಲ್ಪ ಬಿಗಿಯಾಗಿ ತಿರುಗಿಸಲು ಹೋಗಿ ಸ್ಟಾಲ್ ಆದರೆ, ಚೇತರಿಸಿಕೊಳ್ಳೋಕೆ ಬೇಕಾದ ಎತ್ತರವೇ ಅಲ್ಲಿರಲ್ಲ. ಕೋನವನ್ನೇ ನೇರವಾಗಿ ತೋರಿಸುವ ಸೆನ್ಸರ್ ಬೇಕಾಗೋದು ಇಂಥ ಕಡೆ.

ಅಮೆರಿಕದಲ್ಲಿ ಸಾವಿರಾರು ಜನ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುತ್ತಾರೆ. ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿಯ ಕಿಟ್‌ಗಳು ಅವರಲ್ಲಿ ತುಂಬಾ ಜನಪ್ರಿಯ. ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳೇ ಮಾಡಿರಬೇಕು ಅನ್ನೋದು ಅಲ್ಲಿನ ನಿಯಮ. ಯಾವ ಸೆನ್ಸರ್, ಎಲ್ಲಿ ಕೂರಿಸಬೇಕು ಅನ್ನೋದೂ ಕಟ್ಟುವವರದ್ದೇ ತೀರ್ಮಾನ.

ಆಯ್ಕೆಗಳು ಮುಖ್ಯವಾಗಿ ಮೂರು. ಮೊದಲನೆಯದು ವೇನ್: ಗಾಳಿ ಬಂದ ಕಡೆ ತಿರುಗುವ ಪುಟ್ಟ ರೆಕ್ಕೆ. ಅರ್ಥವಾಗೋದು ಸುಲಭ, ಆದರೆ ಹ್ಯಾಂಗರಿನಲ್ಲಿ ಯಾರದೋ ಭುಜ ತಗುಲಿದರೂ ಬಗ್ಗಬಹುದು. ಎರಡನೆಯದು ರೆಕ್ಕೆಯ ಮೇಲೊಂದು, ಕೆಳಗೊಂದು ಸಣ್ಣ ರಂಧ್ರ ಕೊರೆದು ಒತ್ತಡದ ವ್ಯತ್ಯಾಸ ಅಳೆಯೋದು. ರೆಕ್ಕೆ ಮುಚ್ಚುವ ಮೊದಲೇ ಪೈಪ್ ಎಳೆದಿಟ್ಟರೆ ಇದು ಸಲೀಸು. ಮೂರನೆಯದು ಡೈನಾನ್, ಗಾರ್ಮಿನ್‌ನಂಥ ಕಂಪನಿಗಳ ಜೋಡಿ ಪ್ರೋಬ್. ಲ್ಯಾಬಿನಲ್ಲಿ ಪಿಟಾಟ್ ಟ್ಯೂಬ್ ನೋಡಿದ್ದೀವಲ್ಲ, ಅದಕ್ಕೇ ಇನ್ನೊಂದು ರಂಧ್ರ ಸೇರಿಸಿದ ಹಾಗೆ. ಒಂದು ರಂಧ್ರ ನೇರ ಮುಂದಕ್ಕೆ, ಇನ್ನೊಂದು ಕೆಳಗಿನ ಓರೆ ಮುಖದಲ್ಲಿ. ಮೂಗು ಮೇಲೆದ್ದಂತೆ ಓರೆ ರಂಧ್ರದ ಒತ್ತಡ ಏರುತ್ತದೆ. ಎರಡೂ ಒತ್ತಡಗಳ ಅನುಪಾತ ತೆಗೆದರೆ ವೇಗದ ಪ್ರಭಾವ ಹೆಚ್ಚುಕಮ್ಮಿ ಕಳೆದುಹೋಗಿ ಕೋನ ಉಳಿಯುತ್ತದೆ.

ಈಗ ಕೂರಿಸುವ ಕೆಲಸ. ಜೋಡಿ ಪ್ರೋಬನ್ನು ಸಾಮಾನ್ಯವಾಗಿ ರೆಕ್ಕೆಯ ಕೆಳಗೆ, ಪ್ರೊಪೆಲ್ಲರ್ ಎಬ್ಬಿಸುವ ಗಾಳಿ ಮುಟ್ಟದಷ್ಟು ಆಚೆ, ಚಕ್ರಗಳಿಂದ ದೂರ ಇಡುತ್ತಾರೆ. ರೆಕ್ಕೆಯ ಬೆನ್ನೆಲುಬಾದ ಸ್ಪಾರ್‌ಗೆ ಮನಸ್ಸಿಗೆ ಬಂದಂತೆ ರಂಧ್ರ ಕೊರೆಯೋ ಹಾಗಿಲ್ಲ. ಪ್ರೋಬ್ ನಿಲ್ಲುವ ಜಾಗದಲ್ಲಿ ತಗಡಿನ ಒಳಗೆ ಇನ್ನೊಂದು ತಗಡು ಸೇರಿಸಿ ರಿವೆಟ್ ಹೊಡೆದು ಬಲ ಕೊಡಬೇಕು. ಹತ್ತಿರದಲ್ಲಿ ಕೈ ಹಾಕಲು ಮುಚ್ಚಳ ಇದ್ದರೆ ಮುಂದೆ ರಿಪೇರಿಗೆ ಅನುಕೂಲ.

ತೊಂದರೆ ಹೆಚ್ಚಾಗಿ ಪೈಪಿನಲ್ಲಿ. ಎರಡೂ ಪೈಪ್ ನೋಡಲು ಒಂದೇ ಥರ ಇರೋದ್ರಿಂದ ಎರಡೂ ತುದಿಗೆ ಹೆಸರು ಬರೆದಿಡಬೇಕು. ಅದಲುಬದಲಾದರೆ ವೇಗವೂ ತಪ್ಪು, ಕೋನವೂ ತಪ್ಪು. ಪೈಪ್ ಜೋತುಬಿದ್ದ ಕಡೆ ನೀರು ನಿಲ್ಲುತ್ತದೆ. ಸೋರಿಕೆ ಪರೀಕ್ಷಿಸುವಾಗ ಒತ್ತಡ ನಿಧಾನವಾಗಿ ಕೊಡಬೇಕು, ಕಂಪ್ರೆಸರ್ ಹಚ್ಚಿದರೆ ಮೀಟರೇ ಹಾಳು. ವಿಮಾನ ನಿಂತಿರುವಾಗ ಪ್ರೋಬ್‌ಗೆ ಕವರ್ ಹಾಕದಿದ್ದರೆ ಕಣಜ ಬಂದು ಮಣ್ಣು ಮೆತ್ತಿಬಿಡುತ್ತೆ!

ಇಷ್ಟಾದರೂ ಕೆಲಸ ಮುಗಿದಿಲ್ಲ. ಪ್ರೋಬ್‌ಗೆ ಗೊತ್ತಿರೋದು ತಾನು ನಿಂತ ಜಾಗದ ಒತ್ತಡ ಮಾತ್ರ. ಸ್ಟಾಲ್ ಎಲ್ಲಿ ಅಂತ ಕಲಿಸಬೇಕಾದ್ದು ನಾವು. ಒಬ್ಬರ ವಿಮಾನದ ಅಂಕಿ ಇನ್ನೊಬ್ಬರದ್ದಕ್ಕೆ ಹೊಂದಲ್ಲ. ಪರೀಕ್ಷಾ ಹಾರಾಟದ ದಿನಗಳಲ್ಲಿ, ಸಾಕಷ್ಟು ಎತ್ತರದಲ್ಲಿ ಬೇಕಂತಲೇ ನಿಧಾನವಾಗಿ ಸ್ಟಾಲ್ ಮಾಡಿ ಆ ಕ್ಷಣದ ಒತ್ತಡವನ್ನು ಯಂತ್ರಕ್ಕೆ ತೋರಿಸಬೇಕು. ಫ್ಲಾಪ್ ಇಳಿಸಿದಾಗ ರೆಕ್ಕೆಯ ಸುತ್ತಲಿನ ಹರಿವೇ ಬದಲಾಗೋದ್ರಿಂದ ಹಾಗೂ ಒಮ್ಮೆ ನೋಡಬೇಕು. ಕೊನೆಗೆ, ಅದೇ ಎತ್ತರದಲ್ಲಿ, ತಿರುವಿನಲ್ಲೂ ರೆಕ್ಕೆ ನಡುಗುವ ಮೊದಲೇ ಎಚ್ಚರಿಕೆಯ ಬೀಪ್ ಬರುತ್ತಾ ಅಂತ ಪರೀಕ್ಷಿಸಬೇಕು.

ತಪ್ಪು ಹೇಳುವ ಸೆನ್ಸರ್ ಎಷ್ಟು ಅಪಾಯ ಅಂತ ಜಗತ್ತು ಈಗಾಗಲೇ ನೋಡಿದೆ. 2018 ಮತ್ತು 2019ರಲ್ಲಿ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಲ್ಲಿ ಒಂದೇ ಕೋನ ಸೆನ್ಸರಿನ ತಪ್ಪು ಮಾಹಿತಿ ನಂಬಿದ ಸಾಫ್ಟ್‌ವೇರ್ ಮೂಗನ್ನು ಪದೇ ಪದೇ ಕೆಳಗೆ ತಳ್ಳಿತು. 346 ಜನ ಸತ್ತರು. ಹೋಮ್‌ಬಿಲ್ಟ್‌ನಲ್ಲಿ ಈ ಸೆನ್ಸರ್ ಸಾಮಾನ್ಯವಾಗಿ ಪೈಲಟ್‌ನ ಕಿವಿಗೆ ಹೇಳುತ್ತದೆ ಅಷ್ಟೇ, ಸ್ಟಿಕ್ ಮುಟ್ಟಲ್ಲ. ಆದರೆ ಕೊನೆಯ ತಿರುವಿನಲ್ಲಿ ಪೈಲಟ್‌ನ ಕಣ್ಣು ರನ್‌ವೇ ಮೇಲಿರುತ್ತದೆ, ಮೀಟರ್ ಮೇಲಲ್ಲ. ಆಗ ನಂಬೋದು ಆ ಬೀಪನ್ನೇ. ಅದು ಬರಬೇಕಾದ ಹೊತ್ತಿಗೆ ಬರೋದು, ಅಷ್ಟು ದಿನ ಮುಂಚೆ ಗ್ಯಾರೇಜಿನಲ್ಲಿ ಯಾರೋ ಪೈಪಿನ ಎರಡೂ ತುದಿಗೆ ಹೆಸರು ಬರೆದಿದ್ದರೆ ಮಾತ್ರ.